ಕಮ್ಮಿ ನೀರಿನಲ್ಲಿ ಮೋಟಾರು ದೋಣಿ: ಪದೇ ಪದೇ ಕೇಳುವ ಪ್ರಶ್ನೆಗಳು

ಸಣ್ಣ ದೋಣಿ, ಹಿಂದೆ ಒಂದು ಔಟ್‌ಬೋರ್ಡ್ ಇಂಜಿನ್, ಕೆಳಗೆ ಸೊಂಟದಷ್ಟೋ ಮೊಣಕಾಲಷ್ಟೋ ನೀರು. ಇಂಥ ಕಡೆ ಓಡಿಸುವವರು ಸಿಕ್ಕಾಗ, ಪತ್ರ ಬರೆದಾಗ ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಹೊಸಬರು ಮೇಲಿನಿಂದ ಓದಿ. ದೋಣಿ ಈಗಾಗಲೇ ಮರಳಲ್ಲಿ ಕೂತಿದ್ದರೆ ನೇರ ನಾಲ್ಕನೇ ಭಾಗಕ್ಕೆ ಹೋಗಿ.

## 1. ಹೊರಡುವ ಮುಂಚೆ

ನನ್ನ ದೋಣಿಗೆ ಎಷ್ಟು ನೀರು ಬೇಕು ಅಂತ ಗೊತ್ತಾಗೋದು ಹೇಗೆ?

ಅಳೆದೇ ನೋಡಬೇಕು. ಯಾವಾಗಲೂ ಬರುವಷ್ಟು ಜನ, ಪೆಟ್ರೋಲು, ಸಾಮಾನು ಎಲ್ಲ ತುಂಬಿಸಿ, ನಿಂತ ನೀರಿನಲ್ಲಿ ಇಂಜಿನ್ ಪೂರ್ತಿ ಇಳಿಸಿ. ನೀರಿನ ಮಟ್ಟದಿಂದ ಇಂಜಿನ್ನಿನ ತೀರಾ ಕೆಳಗಿನ ತುದಿಯವರೆಗೆ, ಅಂದರೆ ಪ್ರೊಪೆಲ್ಲರ್ ಕೆಳಗೆ ರೆಕ್ಕೆಯ ಹಾಗೆ ಚಾಚಿರುತ್ತಲ್ಲ ಅಲ್ಲಿಯವರೆಗೆ, ಕೋಲು ಹಿಡಿದು ಅಳೆಯಿರಿ. ದೋಣಿಯ ತಳ 15–20 ಸೆಂ.ಮೀ. ಮುಳುಗಿದ್ದರೂ ಇಂಜಿನ್ ತುದಿ 50–60 ಸೆಂ.ಮೀ. ಕೆಳಗಿರುವುದು ಸಾಮಾನ್ಯ. ಬಹಳ ಜನ ತಳವನ್ನಷ್ಟೇ ಲೆಕ್ಕ ಹಿಡಿದು ಮೋಸ ಹೋಗುತ್ತಾರೆ.

ಬಂದ ಅಳತೆಯನ್ನು ಗಳದ ಮೇಲೆ ಬಣ್ಣದಲ್ಲಿ ಗುರುತು ಮಾಡಿ. ಅದಕ್ಕಿಂತ 30 ಸೆಂ.ಮೀ. ಮೇಲೆ ಇನ್ನೊಂದು ಗುರುತು. ನೀರು ಮೇಲಿನ ಗುರುತಿಗಿಂತ ಕೆಳಗೆ ಬಂತೋ, ನಿಧಾನ. ಕೆಳಗಿನ ಗುರುತಿನ ಹತ್ತಿರ ಬಂತೋ, ಇಂಜಿನ್ ಎತ್ತಿ.

ಒಬ್ಬರೋ ಇಬ್ಬರೋ ಜಾಸ್ತಿ ಹತ್ತಿದರೆ ಅಷ್ಟೇನು ವ್ಯತ್ಯಾಸ ಆಗುತ್ತೆ?

ನೀರಿನ ಮಟ್ಟದಲ್ಲಿ ವಿಸ್ತೀರ್ಣ ಸುಮಾರು 4 ಚದರ ಮೀಟರ್ ಇರುವ ದೋಣಿ ಅಂದುಕೊಳ್ಳಿ. ಅದು 40 ಕೆ.ಜಿ.ಗೆ ಒಂದು ಸೆಂ.ಮೀ. ತಗ್ಗುತ್ತದೆ. 70 ಕೆ.ಜಿ.ಯ ನಾಲ್ವರು ಹತ್ತಿದರೆ 7 ಸೆಂ.ಮೀ. ಕೇಳೋಕೆ ಕಮ್ಮಿ, ಆದರೆ ಮರಳಿಗೂ ಪ್ರೊಪೆಲ್ಲರಿಗೂ ನಡುವೆ ಇರುವುದೇ ಕೆಲವು ಸಲ ಅಷ್ಟು. ಎಲ್ಲರೂ ಹಿಂದೆಯೇ ಕೂತರಂತೂ ಹಿಂಭಾಗ ಇನ್ನೂ ಜಾಸ್ತಿ ಕೂರುತ್ತದೆ. ದೋಣಿ ಮಟ್ಟವಾಗಿದ್ದಾಗ ಅದಕ್ಕೆ ಬೇಕಾದ ನೀರು ಕಮ್ಮಿ. ಹಾಗಾಗಿ ಒಬ್ಬಿಬ್ಬರನ್ನು ಮುಂದಕ್ಕೆ ಕೂರಿಸಿ. ತಳದಲ್ಲಿ ನಿಂತ ನೀರನ್ನೂ ಮೊಗೆದು ಚೆಲ್ಲಿ. ಒಂದು ಲೀಟರ್ ಅಂದರೆ ಒಂದು ಕೆ.ಜಿ.

ನೀರು ಸೊಂಟದಷ್ಟೇ ಇದೆ. ಲೈಫ್ ಜಾಕೆಟ್ ಸುಮ್ನೆ ಭಾರ ಅಲ್ವಾ?

ಅಲ್ಲ. ಓಡುತ್ತಿರುವ ದೋಣಿಯ ಇಂಜಿನ್ ತಳಕ್ಕೆ ತಾಗಿದರೆ ದೋಣಿ ನಿಲ್ಲುತ್ತದೆ, ನೀವು ನಿಲ್ಲುವುದಿಲ್ಲ. ಮುಂದೆ ಕೂತವರು ಹಲಗೆಗೆ ತಲೆ ಬಡಿದುಕೊಂಡು ನೀರಿಗೆ ಬೀಳಬಹುದು. ಎಚ್ಚರ ತಪ್ಪಿದವರು ಮೊಣಕಾಲು ನೀರಿನಲ್ಲೂ ಮುಳುಗುತ್ತಾರೆ. ಸೊಂಟದ ನೀರಿನ ಪಕ್ಕದಲ್ಲೇ ಎರಡಾಳು ಆಳದ ಗುಂಡಿಯೂ ಇರಬಹುದು.

ಕಿಲ್ ಸ್ವಿಚ್ ದಾರ ಪ್ರತಿ ಸಲ ಕಟ್ಟಿಕೊಳ್ಳಲೇಬೇಕಾ?

ಹೌದು, ಇಂಜಿನ್ ಹಿಡಿದವರು ಕಟ್ಟಿಕೊಳ್ಳಲೇಬೇಕು. ಅವರು ಬಿದ್ದರೆ ಆ ದಾರ ಕಿತ್ತು ಇಂಜಿನ್ ನಿಲ್ಲಬೇಕು. ಇಲ್ಲದಿದ್ದರೆ ಹಿಡಿಕೆ ಒಂದು ಕಡೆ ತಿರುಗಿಕೊಂಡು, ದೋಣಿ ಬಿದ್ದವರ ಸುತ್ತಲೇ ಗಿರಕಿ ಹೊಡೆಯುತ್ತದೆ. ಕಮ್ಮಿ ನೀರಿನಲ್ಲಿ ಮುಳುಗಿ ತಪ್ಪಿಸಿಕೊಳ್ಳಲೂ ಜಾಗವಿಲ್ಲ. ದಾರವನ್ನು ಲೈಫ್ ಜಾಕೆಟ್ಟಿಗೋ ತೊಡೆಗೋ ಸಿಕ್ಕಿಸಿ. ತಿಂಗಳಿಗೊಮ್ಮೆ ಇಂಜಿನ್ ಓಡುತ್ತಿರುವಾಗ ಎಳೆದು, ನಿಜವಾಗಿ ನಿಲ್ಲುತ್ತದೆಯೇ ಅಂತ ನೋಡಿ.

ದೋಣಿಯಲ್ಲಿ ಏನೇನು ಇಟ್ಟುಕೊಂಡಿರಬೇಕು?

ಉದ್ದನೆ ಗಳ, ಎರಡು ಹುಟ್ಟು, ಲಂಗರು ಮತ್ತು ಹಗ್ಗ, ಮೊಗೆಯುವ ಡಬ್ಬ, ಚಾಕು, ಇಕ್ಕಳ, ಬಿಡಿ ಶಿಯರ್ ಪಿನ್ (ಪ್ರೊಪೆಲ್ಲರನ್ನು ಹಿಡಿದಿಡುವ ಸಣ್ಣ ಕಡ್ಡಿ), ಗಟ್ಟಿ ತಳದ ಚಪ್ಪಲಿ. ಒಂದನ್ನೇ ಆರಿಸು ಅಂದರೆ ನಾನು ಗಳ ಆರಿಸುತ್ತೇನೆ. ಆಳ ಅಳೆಯೋಕೆ, ತಳ್ಳೋಕೆ, ನಿಲ್ಲಿಸೋಕೆ, ಎಲ್ಲಕ್ಕೂ ಅದೇ.

## 2. ನೀರನ್ನು ಓದುವುದು

ಕೆಲವರು ನೀರು ನೋಡಿಯೇ ಆಳ ಹೇಳ್ತಾರಲ್ಲ, ಅದೇನು ಮಂತ್ರವಾ?

ಮಂತ್ರವೇನಿಲ್ಲ, ನಾಲ್ಕೈದು ಗುರುತುಗಳನ್ನು ಒಟ್ಟಿಗೆ ನೋಡುವ ರೂಢಿ. ತಿಳಿ ನೀರಿನಲ್ಲಿ ಕಡು ಬಣ್ಣ ಇದ್ದಲ್ಲಿ ಆಳ, ತಿಳಿ ಹಳದಿ ಅಥವಾ ಕಂದು ಇದ್ದಲ್ಲಿ ಮರಳು ಹತ್ತಿರ. ಆದರೆ ಪಾಚಿ ಬೆಳೆದ ತಳವೂ ಕಪ್ಪಾಗಿಯೇ ಕಾಣುತ್ತದೆ, ಹಾಗಾಗಿ ಬಣ್ಣ ಒಂದನ್ನೇ ನಂಬಬೇಡಿ. ಬಿಸಿಲು ಬೆನ್ನಿಗಿದ್ದರೆ, ಹೊತ್ತು ನೆತ್ತಿಯ ಮೇಲಿದ್ದರೆ ಚೆನ್ನಾಗಿ ಕಾಣುತ್ತದೆ. ಬಿಸಿಲಿಗೆ ಮುಖ ಮಾಡಿ ಸಂಜೆ ಹೊತ್ತು ವಾಪಸ್ ಬರುವಾಗ ನೀರು ಬರೀ ಕನ್ನಡಿ. ಬೆಳಗ್ಗೆ ಆರಾಮಾಗಿ ಹೋದ ದಾರಿಯಲ್ಲೇ ಸಂಜೆ ಸಿಕ್ಕಿಬೀಳುವುದು ಇದಕ್ಕೇ. ಪೋಲರಾಯ್ಡ್ ಕನ್ನಡಕ ಹಾಕಿದರೆ ಆ ಹೊಳಪು ಬಹಳಷ್ಟು ಕಮ್ಮಿಯಾಗುತ್ತದೆ.

ಹರಿವ ನೀರಾದರೆ ಮೇಲ್ಮೈಯೇ ನಕ್ಷೆ. ನೀರಿನ ಮೇಲೆ ಬಾಣದ ಮೊನೆಯಂಥ ಗೆರೆ ಕಂಡು, ಮೊನೆ ಹರಿವು ಬರುವ ಕಡೆಗಿದ್ದರೆ ಅಲ್ಲಿ ಕಲ್ಲೋ ಕೊರಡೋ ಇದೆ. ಮೊನೆ ಹರಿವು ಹೋಗುವ ಕಡೆಗಿದ್ದರೆ ಅದು ಎರಡು ಅಡ್ಡಿಗಳ ನಡುವಿನ ದಾರಿ. ನದಿಯ ತಿರುವಿನಲ್ಲಿ ಹೊರಬದಿ ಕೊರೆದು ಆಳವಾಗಿರುತ್ತದೆ, ಒಳಬದಿಯಲ್ಲಿ ಮರಳು ಕೂರುತ್ತದೆ. ಒಳಬದಿಯಲ್ಲಿ ಹೋದರೆ ದಾರಿ ಉಳಿಯುತ್ತೆ ಅನ್ನುವ ಆಸೆ ಬೇಡ.

ಗಾಳಿಗೆ ಎಲ್ಲ ಕಡೆ ಸಣ್ಣ ಅಲೆ ಇದ್ದು ಒಂದು ಪಟ್ಟೆ ಮಾತ್ರ ಬೇರೆ ಥರ ಕುದಿಯುತ್ತಿದ್ದರೆ ಅಲ್ಲಿ ದಿಬ್ಬ ಇರಬಹುದು. ಇನ್ನೊಂದು ಗುರುತು ಯಾರಿಗಾದರೂ ತಿಳಿಯುವಂಥದ್ದು: ಕೊಕ್ಕರೆ ತೇಲುತ್ತಿಲ್ಲ, ನಿಂತಿದೆ.

ಆಳ ತೋರಿಸುವ ಸೋನಾರ್ ಇದೆ. ಆದರೂ ಗಳ ಹಿಡಿಯಬೇಕಾ?

ಸೋನಾರ್ ತೋರಿಸುವುದು ಈಗ ನಿಮ್ಮ ಕೆಳಗಿರುವ ಆಳ. ಮುಂದೆ ಏನಿದೆ ಅಂತ ಸಾಮಾನ್ಯ ಸೋನಾರಿಗೆ ಗೊತ್ತಿಲ್ಲ. ದಿಬ್ಬ ಕಡಿದಾಗಿದ್ದರೆ ಅಂಕಿ ನೋಡಿ ಕೈ ಆಡಿಸುವಷ್ಟರಲ್ಲಿ ತಾಗಿರುತ್ತೀರಿ. ಅದು ಅಳೆಯುವುದು ನೀರಿನ ಮಟ್ಟದಿಂದಲೋ, ಸೆನ್ಸರಿನಿಂದಲೋ, ಇಂಜಿನ್ ತುದಿಯಿಂದಲೋ ಅನ್ನುವುದು ನೀವು ಮಾಡಿಟ್ಟ ಸೆಟ್ಟಿಂಗ್ ಮೇಲೆ ನಿಂತಿದೆ. ಗಳವನ್ನು ನೀರಿಗೆ ಇಳಿಸಿ ಒಮ್ಮೆ ತಾಳೆ ನೋಡಿ. ಬಹಳ ಕಮ್ಮಿ ನೀರಿನಲ್ಲಿ, ಜೊಂಡಿನಲ್ಲಿ, ಗುಳ್ಳೆ ತುಂಬಿದ ನೀರಿನಲ್ಲಿ ಅಂಕಿ ಹುಚ್ಚುಹುಚ್ಚಾಗಿ ಕುಣಿಯುತ್ತದೆ.

ಗಳ ಆಳದ ಜೊತೆ ತಳದ ಜಾತಿಯನ್ನೂ ಹೇಳುತ್ತದೆ. ಮರಳಾದರೆ ಚರ್ ಅಂತ ನಿಂತು ಸಲೀಸಾಗಿ ಮೇಲೆ ಬರುತ್ತದೆ. ಕೆಸರಾದರೆ ಸದ್ದಿಲ್ಲದೆ ಇಳಿದು, ಎಳೆದರೆ ಬಿಡುವುದಿಲ್ಲ. ಕಲ್ಲಾದರೆ ಟಕ್ ಅಂತ ಅಂಗೈಗೇ ಬಡಿಯುತ್ತದೆ. ಟಕ್ ಅಂದಲ್ಲಿ ಇಂಜಿನ್ ಮೇಲೆ.

ನೀರು ಕಮ್ಮಿಯಾಗ್ತಿದೆ ಅಂತ ದೋಣಿಯೇ ಏನಾದರೂ ಸೂಚನೆ ಕೊಡುತ್ತಾ?

ಕೊಡುತ್ತದೆ. ಹಿಂದಿನ ಅಲೆ ಹತ್ತಿರ ಬಂದು ಎತ್ತರ, ಕಡಿದು ಆಗುತ್ತದೆ. ಥ್ರಾಟಲ್ ಅಷ್ಟೇ ಇದ್ದರೂ ದೋಣಿ ಏನೋ ಎಳೆದು ಹಿಡಿದ ಹಾಗೆ ಮಂದವಾಗುತ್ತದೆ. ಹಿಡಿಕೆಯಲ್ಲಿ ಸಣ್ಣ ಅದುರು ಶುರುವಾಗುತ್ತದೆ. ಹಿಂದೆ ತಿರುಗಿ ನೋಡಿದಾಗ ನೊರೆಯ ಜೊತೆ ಕಂದು ಕೆಸರು ಏಳುತ್ತಿದ್ದರೆ ಪ್ರೊಪೆಲ್ಲರ್ ಆಗಲೇ ತಳವನ್ನು ಕದಡುತ್ತಿದೆ ಅಂತ ಅರ್ಥ.

## 3. ಓಡಿಸುವಾಗ

ಎಷ್ಟು ವೇಗ ಸರಿ?

ತಳಕ್ಕೆ ಬಡಿದರೂ ಯಾರೂ ಕೂತಲ್ಲಿಂದ ಅಲುಗದಷ್ಟು. ಅಂದರೆ ನಡೆಯುವ ವೇಗ, ಗಂಟೆಗೆ 4–5 ಕಿ.ಮೀ. ಕಮ್ಮಿ ನೀರಿನಲ್ಲಿ ತಾಗುವುದು ತಪ್ಪಲ್ಲ, ಒಂದಲ್ಲ ಒಂದು ದಿನ ಎಲ್ಲರಿಗೂ ತಾಗುತ್ತದೆ. ಜೋರಾಗಿ ತಾಗುವುದು ತಪ್ಪು.

ಇದಕ್ಕಿಂತ ವೇಗ ಬೇಡ ಅನ್ನೋಕೆ ಇನ್ನೊಂದು ಕಾರಣವೂ ಇದೆ. ತಳ ಹತ್ತಿರವಿದ್ದಾಗ ಅಲೆಗೆ ಒಂದು ಮಿತಿ ವೇಗ ಇರುತ್ತದೆ: ಒಂದು ಮೀಟರ್ ನೀರಿನಲ್ಲಿ ಗಂಟೆಗೆ ಸುಮಾರು 11 ಕಿ.ಮೀ., ಅರ್ಧ ಮೀಟರಿನಲ್ಲಿ ಸುಮಾರು 8 ಕಿ.ಮೀ. ದೋಣಿ ಆ ವೇಗದ ಹತ್ತಿರ ಬಂದರೆ ತಾನೇ ಎಬ್ಬಿಸಿದ ಅಲೆಯಲ್ಲಿ ಸಿಕ್ಕಿಕೊಂಡು ಹಿಂಭಾಗ ಕೆಳಗಿಳಿಯುತ್ತದೆ. ತಳಕ್ಕೂ ದೋಣಿಗೂ ನಡುವೆ ನುಗ್ಗುವ ನೀರು ದೋಣಿಯನ್ನು ಇನ್ನಷ್ಟು ಕೆಳಗೆಳೆಯುತ್ತದೆ. ಹಡಗಿನವರು ಇದನ್ನು ಸ್ಕ್ವಾಟ್ ಅನ್ನುತ್ತಾರೆ. 1992ರ ಆಗಸ್ಟಿನಲ್ಲಿ ಅಮೆರಿಕದ ಮಸಾಚುಸೆಟ್ಸ್ ತೀರದ ಬಳಿ ಕ್ವೀನ್ ಎಲಿಜಬೆತ್ 2 ಅನ್ನುವ ದೊಡ್ಡ ಪ್ರಯಾಣಿಕ ಹಡಗು ಕಲ್ಲಿಗೆ ತಳ ಉಜ್ಜಿಕೊಂಡಿತು. ಕಾರಣಗಳಲ್ಲಿ ಸ್ಕ್ವಾಟ್ ಕೂಡ ಒಂದು. ಅಷ್ಟು ದೊಡ್ಡದಕ್ಕೆ ಆದದ್ದು ಸಣ್ಣ ದೋಣಿಗೂ ಆಗುತ್ತದೆ, ಅಳತೆ ಮಾತ್ರ ಬೇರೆ.

ಜೋರಾಗಿ ಹೋದರೆ ದೋಣಿ ಮೇಲೆದ್ದು ಜಾರುತ್ತೆ, ಆಗ ನೀರು ಕಮ್ಮಿ ಸಾಕು. ಹಾಗಾದರೆ ಜೋರಾಗಿ ಹೋಗೋದೇ ಒಳ್ಳೇದಲ್ವಾ?

ಅರ್ಧ ನಿಜ. ಪ್ಲೇನಿಂಗ್ ಮಾಡುವ ದೋಣಿ ಮೇಲೆದ್ದ ಮೇಲೆ ಕಮ್ಮಿ ನೀರು ಸಾಕು. ಆದರೆ ಏಳುವಾಗ ಹಿಂಭಾಗ ಆಳಕ್ಕೆ ಕೂತು ಮೂತಿ ಆಕಾಶ ನೋಡುತ್ತದೆ, ಆಗ ನಿಂತಾಗಿನದಕ್ಕಿಂತ ಜಾಸ್ತಿ ನೀರು ಬೇಕು. ವೇಗ ಇಳಿಸಿದಾಗ ಮತ್ತೆ ಕೂರುತ್ತದೆ. ಅಂದರೆ ಕಮ್ಮಿ ನೀರಿನ ನಡುವೆ ಬಲೆಯೋ ಈಜುವವರೋ ಕಂಡರೆ ನಿಲ್ಲಿಸುವ ಹಾಗೇ ಇಲ್ಲ. ನಿಲ್ಲಿಸಲಾಗದ ಜಾಗಕ್ಕೆ ಜೋರಾಗಿ ನುಗ್ಗುವುದು ಜೂಜು. ಅಂಗೈ ಗೆರೆಯಷ್ಟು ಗೊತ್ತಿರುವ ನೀರಿನಲ್ಲಿ ಅನುಭವಿಗಳು ಹೀಗೆ ಹೋಗುತ್ತಾರೆ. ಮರಳ ದಿಬ್ಬ ಪ್ರತಿ ಮಳೆಗಾಲಕ್ಕೂ ಜಾಗ ಬದಲಿಸುತ್ತದೆ ಅನ್ನುವುದು ಅವರಿಗೂ ಕೆಲವು ಸಲ ಮರೆತುಹೋಗುತ್ತದೆ.

ಹಾಗೇ, ಪೂರ್ತಿ ವೇಗದಿಂದ ಥ್ರಾಟಲ್ ತಟ್ಟನೆ ಮುಚ್ಚಬೇಡಿ. ನಿಮ್ಮದೇ ಅಲೆ ಹಿಂದಿನಿಂದ ಬಂದು ಹಿಂಬದಿಯ ಹಲಗೆ ಹತ್ತಿ ಒಳಗೆ ಸುರಿಯುತ್ತದೆ.

ಇಂಜಿನ್ ಎಷ್ಟು ಮೇಲೆತ್ತಿ ಓಡಿಸಬಹುದು?

ಎರಡು ಷರತ್ತು: ಪ್ರೊಪೆಲ್ಲರ್ ಪೂರ್ತಿ ನೀರೊಳಗಿರಬೇಕು, ತಂಪು ಮಾಡುವ ನೀರು ಎಳೆಯುವ ತೂತುಗಳೂ ಮುಳುಗಿರಬೇಕು. ಬಹಳ ಇಂಜಿನ್ನುಗಳಲ್ಲಿ ಕಮ್ಮಿ ನೀರಿಗೆಂದೇ, ಇಂಜಿನ್ನನ್ನು ಸ್ವಲ್ಪ ಎತ್ತಿ ನಿಲ್ಲಿಸುವ ಒಂದೆರಡು ಮೆಟ್ಟಿಲು ಇರುತ್ತವೆ. ಅದರಲ್ಲಿಟ್ಟು ನಿಧಾನ ಗತಿಯಲ್ಲಷ್ಟೇ ಓಡಿಸಿ. ಥ್ರಾಟಲ್ ಜಾಸ್ತಿ ಕೊಟ್ಟರೆ ಪ್ರೊಪೆಲ್ಲರ್ ಗಾಳಿ ಎಳೆದುಕೊಂಡು ಇಂಜಿನ್ ಕಿರುಚುತ್ತದೆ, ದೋಣಿ ಮಾತ್ರ ಮುಂದೆ ಹೋಗುವುದಿಲ್ಲ.

ಇಂಜಿನ್ ಕಾಲಿನ ಉದ್ದವೂ ಹೊಂದಬೇಕು. ಹಿಂದಿನ ಹಲಗೆ 15 ಇಂಚಿದ್ದರೆ ಶಾರ್ಟ್ ಶಾಫ್ಟ್, 20 ಇಂಚಿದ್ದರೆ ಲಾಂಗ್ ಶಾಫ್ಟ್. 15 ಇಂಚಿನ ಹಲಗೆಗೆ ಲಾಂಗ್ ಶಾಫ್ಟ್ ಸಿಕ್ಕಿಸಿದರೆ 5 ಇಂಚು ಆಳವನ್ನು ಸುಮ್ನೆ ಕಳೆದುಕೊಂಡ ಹಾಗೆ.

ರಿವರ್ಸ್ ಹಾಕಿದರೆ ಇಂಜಿನ್ ಎಗರಿ ಮೇಲೆ ಬರುತ್ತೆ. ಕೆಟ್ಟಿದೆಯಾ?

ಕೆಟ್ಟಿಲ್ಲ, ಇಂಜಿನ್ ಮೇಲೇಳದ ಹಾಗೆ ಹಿಡಿಯುವ ಲಾಕ್ ಬಿಟ್ಟಿದೆ ಅಷ್ಟೇ. ಮುಂದಕ್ಕೆ ಹೋಗುವಾಗ ಲಾಕ್ ಬಿಟ್ಟಿರಲೇಬೇಕು, ತಳಕ್ಕೆ ತಾಗಿದರೆ ಇಂಜಿನ್ ತಾನಾಗಿ ಮೇಲೇಳಲಿ ಅಂತ. ಎಷ್ಟೋ ಇಂಜಿನ್ನುಗಳಲ್ಲಿ ರಿವರ್ಸ್ ಗೇರ್ ಹಾಕಿದರೆ ಲಾಕ್ ತಾನೇ ಬೀಳುತ್ತದೆ, ಕೆಲವದರಲ್ಲಿ ಕೈಯಿಂದ ಹಾಕಬೇಕು. ಕಮ್ಮಿ ನೀರಿನ ಮೆಟ್ಟಿಲಲ್ಲಿ ಇಟ್ಟಾಗ ಬಹುತೇಕ ಲಾಕ್ ಕೆಲಸ ಮಾಡುವುದಿಲ್ಲ. ಅಲ್ಲಿ ರಿವರ್ಸ್ ಅಂದರೆ ಗಾಳಿ ಊದಿದಷ್ಟು ಮೆಲ್ಲಗೆ.

ಹರಿವಿನ ಜೊತೆ ಹೋಗುವುದು ಸುಲಭ ಅಲ್ವಾ? ಗೊತ್ತಿಲ್ಲದ ಜಾಗಕ್ಕೆ ಯಾಕೆ ಎದುರು ಹೋಗಬೇಕು?

ಎದುರು ಹೋಗಿ ತಾಗಿದರೆ ಹರಿವೇ ನಿಮ್ಮನ್ನು ಹಿಂದಕ್ಕೆ, ಬಂದ ಆಳಕ್ಕೆ ಬಿಡಿಸುತ್ತದೆ. ಜೊತೆಗೆ ಹೋಗಿ ತಾಗಿದರೆ ಇನ್ನೂ ಮೇಲೆ ಒತ್ತುತ್ತದೆ, ಆಮೇಲೆ ಅಡ್ಡ ತಿರುಗಿಸುತ್ತದೆ. ಕಲ್ಲಿಗೋ ಕೊರಡಿಗೋ ಅಡ್ಡ ಒತ್ತಿಕೊಂಡ ದೋಣಿಯಲ್ಲಿ ಜನ ಹೆದರಿ ಹರಿವು ಬರುವ ಕಡೆಗೆ ವಾಲುತ್ತಾರೆ. ಆ ಅಂಚು ತಗ್ಗಿ ನೀರು ಒಳಗೆ ನುಗ್ಗುತ್ತದೆ. ವಾಲಬೇಕಾದದ್ದು ಅಡ್ಡಿ ಇರುವ ಕಡೆಗೆ.

## 4. ಸಿಕ್ಕಿಬಿದ್ದಾಗ

ದೋಣಿ ಮರಳಿಗೆ ಕೂತುಬಿಡ್ತು. ಮೊದಲು ಏನು ಮಾಡಲಿ?

ಇಂಜಿನ್ ನಿಲ್ಲಿಸಿ. ಕೈ ತಾನಾಗಿ ರಿವರ್ಸಿಗೆ ಹೋಗುತ್ತದೆ, ತಡೆಯಿರಿ. ರಿವರ್ಸಿನಲ್ಲಿ ಪ್ರೊಪೆಲ್ಲರ್ ನೀರನ್ನು ಮುಂದಕ್ಕೆ ತಳ್ಳುತ್ತದೆ, ಜೊತೆಗೆ ಮರಳನ್ನೂ. ಆ ಮರಳು ದೋಣಿಯ ಕೆಳಗೇ ಗುಡ್ಡೆಯಾಗುತ್ತದೆ. ಉಳಿದದ್ದು ತಂಪು ನೀರಿನ ಪಂಪಿಗೆ.

ಇಂಜಿನ್ ಎತ್ತಿ. ಎಲ್ಲರೂ ಸರಿಯಿದ್ದಾರಾ, ತಳದಿಂದ ನೀರು ಬರುತ್ತಿದೆಯಾ ನೋಡಿ. ತಳ ಒಡೆದಿದ್ದರೆ ಆಳಕ್ಕೆ ಹೋಗುವ ಆತುರ ಬೇಡವೇ ಬೇಡ, ಕೂತಲ್ಲಿ ಕೂತಿರುವುದೇ ಕ್ಷೇಮ. ಒಡೆದಿಲ್ಲವಾದರೆ ಗಳ ಹಾಕಿ ಸುತ್ತ ಆಳ ನೋಡಿ. ಆಳ ಇರುವುದು ಸಾಮಾನ್ಯವಾಗಿ ನೀವು ಬಂದ ಕಡೆಗೇ. ಮೂತಿ ಕೂತಿದ್ದರೆ ಜನ ಹಿಂದಕ್ಕೆ ಸರಿಯಲಿ. ಗಳ ಊರಿ, ದೋಣಿಯನ್ನು ಎಡ ಬಲ ಮೆಲ್ಲಗೆ ತೂಗುತ್ತಾ ತಳ್ಳಿ. ಒಂದೇ ಸಲ ಜೋರು ಹಾಕುವುದಕ್ಕಿಂತ ತೂಗುವುದು ಮೇಲು, ತಳಕ್ಕೂ ಮರಳಿಗೂ ಇರುವ ಹಿಡಿತ ಬಿಡುತ್ತದೆ. ಆಗಲಿಲ್ಲ ಅಂದರೆ ಲಂಗರನ್ನು ಆಳದ ಕಡೆಗೆ ಎಸೆದು ಅಥವಾ ನಡೆದು ಹೋಗಿ ಊರಿ, ಹಗ್ಗ ಹಿಡಿದು ದೋಣಿಯನ್ನೇ ಅದರ ಕಡೆಗೆ ಎಳೆದುಕೊಳ್ಳಿ.

ಇಳಿದು ತಳ್ಳಬಹುದಾ?

ಮರಳಾದರೆ, ಗಳದಿಂದ ಆಳ ನೋಡಿದ ಮೇಲೆ, ಚಪ್ಪಲಿ ಮತ್ತು ಲೈಫ್ ಜಾಕೆಟ್ ಹಾಕಿಕೊಂಡು ಇಳಿಯಬಹುದು. ಕೆಸರಾದರೆ ಬೇಡ. ತೊಡೆಯವರೆಗೆ ಹೂತರೆ ನಿಮ್ಮನ್ನೇ ಎಳೆಯಬೇಕಾಗುತ್ತದೆ. ಯಾರಾದರೂ ನೀರಿನಲ್ಲಿದ್ದಾಗ ಇಂಜಿನ್ ನ್ಯೂಟ್ರಲ್ ಸಾಲದು, ಪೂರ್ತಿ ಬಂದ್. ಕಿಲ್ ಸ್ವಿಚ್ ದಾರ ಇಳಿದವರ ಜೇಬಿನಲ್ಲೇ ಇದ್ದರೆ ಇನ್ನೂ ವಾಸಿ. ಹರಿವು ಹೋಗುವ ಬದಿಯಲ್ಲಿ ನಿಲ್ಲಬೇಡಿ, ಬಿಡಿಸಿಕೊಂಡ ದೋಣಿ ನಿಮ್ಮ ಮೇಲೆಯೇ ಬರುತ್ತದೆ. ಸಮುದ್ರದ ಪಕ್ಕವಾದರೆ ಕಾಲೆತ್ತಿ ಇಡದೆ ಮರಳಲ್ಲಿ ಎಳೆಯುತ್ತಾ ನಡೆಯಿರಿ. ಅಡಗಿರುವ ತೊರಕೆ ಮೀನು ಸರಿದುಹೋಗುತ್ತದೆ, ಬಾಲದ ಮುಳ್ಳು ತಪ್ಪುತ್ತದೆ.

ಉಬ್ಬರ ಬಂದಾಗ ತಾನೇ ತೇಲುತ್ತಲ್ಲ, ಕಾದರೆ ಸಾಕಲ್ವಾ?

ನೀರು ಏರುತ್ತಿದ್ದರೆ ಹೌದು. ಆಳದ ಕಡೆಗೆ ಲಂಗರು ಹಾಕಿ, ಇಲ್ಲದಿದ್ದರೆ ತೇಲಿದ ದೋಣಿ ಇನ್ನೂ ಮೇಲಕ್ಕೆ ಹೋಗಿ ಕೂರುತ್ತದೆ. ನೀರು ಇಳಿಯುತ್ತಿದ್ದರೆ ನಿಮಗಿರುವುದು ಕೆಲವೇ ನಿಮಿಷ.

ದಿನಕ್ಕೆ ಎರಡು ಉಬ್ಬರ ಬರುವ ಕಡೆ ಏರು ಅಥವಾ ಇಳಿತಕ್ಕೆ ಸುಮಾರು ಆರು ಗಂಟೆ. ಸರಿಸುಮಾರು ಲೆಕ್ಕಕ್ಕೆ ಹನ್ನೆರಡನೇ ಪಾಲಿನ ಸೂತ್ರವಿದೆ: ಗಂಟೆಗೆ 1, 2, 3, 3, 2, 1 ಪಾಲು. ಒಟ್ಟು ಇಳಿತ 2.4 ಮೀಟರ್ ಅಂದುಕೊಂಡರೆ ಮೊದಲ ಗಂಟೆ 20 ಸೆಂ.ಮೀ., ಎರಡನೆಯದು 40, ಮೂರು ನಾಲ್ಕನೆಯದು 60. ಮೂರನೇ ಗಂಟೆಯಲ್ಲಿ ನಿಮಿಷಕ್ಕೊಂದು ಸೆಂ.ಮೀ. ಹೋಗುತ್ತದೆ. ಹುಣ್ಣಿಮೆ ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರದ ತುದಿಯಲ್ಲಿ ಕೂತರಂತೂ ಮುಂದಿನ ದೊಡ್ಡ ಉಬ್ಬರಕ್ಕೆ ಎರಡು ವಾರ ಕಾಯಬೇಕಾದೀತು.

ಇಂಜಿನ್ ಚೆನ್ನಾಗಿ ಓಡ್ತಿದೆ, ಗೇರೂ ಬೀಳ್ತಿದೆ, ದೋಣಿ ಮಾತ್ರ ಹೋಗ್ತಿಲ್ಲ. ಯಾಕೆ?

ಸಣ್ಣ ಇಂಜಿನ್ನಾದರೆ ಶಿಯರ್ ಪಿನ್ ಮುರಿದಿದೆ. ಪ್ರೊಪೆಲ್ಲರಿಗೆ ಪೆಟ್ಟು ಬಿದ್ದಾಗ ಗೇರಿನ ಬದಲು ತಾನು ಮುರಿಯುವುದೇ ಅದರ ಕೆಲಸ. ಇಂಜಿನ್ ನಿಲ್ಲಿಸಿ, ಎತ್ತಿ, ತುದಿಯ ಕಾಟರ್ ಪಿನ್ (ಕಾಲು ಬಾಗಿಸಿದ ಕವಲು ಕಡ್ಡಿ) ನೆಟ್ಟಗೆ ಮಾಡಿ ಎಳೆಯಿರಿ, ಪ್ರೊಪೆಲ್ಲರ್ ಜಾರಿಸಿ, ಮುರಿದ ತುಂಡುಗಳನ್ನು ತಳ್ಳಿ ಹೊಸದು ಹಾಕಿ. ಕೆಳಗೆ ಬಟ್ಟೆ ಹಿಡಿದಿರಿ. ನೀರಿಗೆ ಬಿದ್ದ ಪಿನ್ ಸಿಗುವುದಿಲ್ಲ.

ನಾನೊಮ್ಮೆ ಬಿಡಿ ಪಿನ್ ಇಲ್ಲದೆ ಉಕ್ಕಿನ ಮೊಳೆ ಕತ್ತರಿಸಿ ತುರುಕಿದ್ದೆ. ಮನೆ ಮುಟ್ಟಿದೆ, ಬುದ್ಧಿವಂತ ಅಂದುಕೊಂಡೆ, ಬದಲಿಸೋದು ಮರೆತೆ. ಎರಡು ವಾರದ ಮೇಲೆ ಒಂದು ಕಲ್ಲು. ಮೊಳೆಗೆ ಏನೂ ಆಗಲಿಲ್ಲ. ಒಳಗಿನ ಗೇರಿನ ಮೂರು ಹಲ್ಲು ಹೋದವು.

ದೊಡ್ಡ ಇಂಜಿನ್ನುಗಳಲ್ಲಿ ಪಿನ್ ಬದಲು ಪ್ರೊಪೆಲ್ಲರ್ ಒಳಗೆ ರಬ್ಬರ್ ಬುಷ್ ಇರುತ್ತದೆ. ಅದು ಜಾರುತ್ತಿದ್ದರೆ ತೀರಾ ಕಮ್ಮಿ ಥ್ರಾಟಲಿನಲ್ಲಿ ದಡ ಸೇರಲು ಸಾಧ್ಯ.

ಪಾಚಿಯೋ ಬಲೆಯೋ ಸುತ್ತಿಕೊಂಡರೆ?

ಪಾಚಿಯಾದರೆ ನ್ಯೂಟ್ರಲಿಗೆ ತಂದು ಕ್ಷಣಕಾಲ ರಿವರ್ಸ್ ಕೊಟ್ಟು ನೋಡಿ, ಬಿಚ್ಚಿಕೊಳ್ಳಬಹುದು. ಬಲೆ, ಹಗ್ಗ, ನೈಲಾನ್ ದಾರವಾದರೆ ಆ ಪ್ರಯೋಗ ಬೇಡ, ಇನ್ನೂ ಬಿಗಿಯುತ್ತದೆ. ಇಂಜಿನ್ ಬಂದ್ ಮಾಡಿ, ಎತ್ತಿ, ಕೊಯ್ದು ತೆಗೆಯಿರಿ. ಮನೆಗೆ ಬಂದ ಮೇಲೆ ಪ್ರೊಪೆಲ್ಲರ್ ಬಿಚ್ಚಿ ಹಿಂದೆ ನೋಡಿ. ಕೂದಲೆಳೆಯಂಥ ಗಾಳದ ದಾರ ಅಲ್ಲಿ ಸೇರಿಕೊಂಡು ಸೀಲ್ ಕೊಯ್ಯುತ್ತದೆ. ಗೇರ್ ಆಯಿಲ್ ಹಾಲು ಬೆರೆಸಿದ ಹಾಗೆ ಬೆಳ್ಳಗಾಗಿದ್ದರೆ ನೀರು ಒಳಗೆ ಹೋಗಿದೆ.

## 5. ಇಂಜಿನ್ ಮತ್ತು ಇನ್ನಷ್ಟು

ಇಂಜಿನ್ ಪಕ್ಕದಿಂದ ಚಿಮ್ಮುವ ನೀರಿನ ಎಳೆ ಸಣ್ಣಗಾಗಿದೆ. ಮನೆಗೆ ಹೋಗುವವರೆಗೆ ಓಡಿಸಬಹುದಾ?

ಬೇಡ. ತಂಪಿನ ನೀರು ತಿರುಗುತ್ತಿದೆ ಅನ್ನುವುದಕ್ಕೆ ಇರುವ ಸಾಕ್ಷಿ ಆ ಎಳೆ. ನಿಲ್ಲಿಸಿ, ನೀರು ಎಳೆಯುವ ತೂತಿಗೆ ಎಲೆ, ಪ್ಲಾಸ್ಟಿಕ್, ಕೆಸರು ಮೆತ್ತಿದೆಯಾ ನೋಡಿ. ಚಿಮ್ಮುವ ತೂತಿನಲ್ಲೇ ಮರಳು ಕಟ್ಟಿದ್ದರೆ ಸಣ್ಣ ತಂತಿ ಸಾಕು. ಎರಡೂ ಸರಿಯಿದ್ದೂ ನೀರು ಬರದಿದ್ದರೆ ಪಂಪಿನ ಇಂಪೆಲ್ಲರ್, ಅಂದರೆ ನೀರು ತಳ್ಳುವ ರಬ್ಬರ್ ಚಕ್ರ, ಸವೆದಿರಬಹುದು. ಮರಳು ನೀರಿನಲ್ಲಿ ಓಡಿಸುವವರಿಗೆ ಅದು ಬೇಗ ಸವೆಯುತ್ತದೆ. ಆಗ ಹುಟ್ಟು ಹಾಕಿಯೇ ಮನೆಗೆ.

ಸ್ಟೀಲ್ ಪ್ರೊಪೆಲ್ಲರ್ ಹಾಕಿಸಿದರೆ ತಾಪತ್ರಯ ತಪ್ಪುತ್ತಾ?

ಬರೀ ಮರಳಾದರೆ ಸ್ಟೀಲ್ ನಿಧಾನ ಸವೆಯುತ್ತದೆ. ಕಲ್ಲಿರುವ ಕಡೆ ನನ್ನ ಆಯ್ಕೆ ಅಲ್ಯುಮಿನಿಯಂ. ಅದು ಬಾಗಿ ಪೆಟ್ಟನ್ನು ತಾನು ತಿನ್ನುತ್ತದೆ, ಸ್ಟೀಲ್ ಅದನ್ನು ಗೇರಿಗೆ ದಾಟಿಸುತ್ತದೆ.

ಇಷ್ಟು ಕಮ್ಮಿ ನೀರಿಗೆ ಲಂಗರಿನ ಹಗ್ಗ ಎರಡು ಮೀಟರ್ ಸಾಕಲ್ವಾ?

ಸಾಲದು. ನೀರಿನ ಆಳಕ್ಕೆ ಮೂತಿಯ ಎತ್ತರ ಕೂಡಿಸಿ, ಅದರ ಐದರಿಂದ ಏಳರಷ್ಟು ಹಗ್ಗ ಬಿಡಿ. ಒಂದು ಮೀಟರ್ ನೀರು, ಅರ್ಧ ಮೀಟರ್ ಮೂತಿ ಅಂದರೆ ಏಳರ ಲೆಕ್ಕದಲ್ಲಿ ಹತ್ತೂವರೆ ಮೀಟರ್. ಲಂಗರು ಹಿಡಿಯುವುದು ಹಗ್ಗ ಮಲಗಿ ಎಳೆದಾಗ, ನಿಂತು ಎಳೆದಾಗ ಅಲ್ಲ. ಕಟ್ಟುವುದು ಮೂತಿಗೆ. ಹಿಂಭಾಗಕ್ಕೆ ಕಟ್ಟಿದರೆ ತಗ್ಗಿರುವ ಹಲಗೆಯ ಮೇಲಿಂದ ಅಲೆ ಒಳಗೆ ಬರುತ್ತದೆ.

ಪ್ರೊಪೆಲ್ಲರೇ ಇಲ್ಲದ ಜೆಟ್ ದೋಣಿ ತಗೊಂಡರೆ ಈ ರಗಳೆಯೇ ಇರಲ್ಲ ಅಲ್ವಾ?

ರಗಳೆ ಬೇರೆಯಾಗುತ್ತದೆ. ನ್ಯೂಜಿಲೆಂಡಿನ ಬಿಲ್ ಹ್ಯಾಮಿಲ್ಟನ್ 1950ರ ದಶಕದಲ್ಲಿ ಜೆಟ್ ದೋಣಿಯನ್ನು ಬೆಳೆಸಿದ್ದೇ ಅಲ್ಲಿನ ಜಲ್ಲಿಕಲ್ಲಿನ ತೆಳು ನದಿಗಳಿಗಾಗಿ. 1960ರಲ್ಲಿ ಅಂಥ ದೋಣಿಗಳು ಗ್ರ್ಯಾಂಡ್ ಕ್ಯಾನಿಯನ್ ಒಳಗೆ ಕೊಲರಾಡೊ ನದಿಯನ್ನು ಎದುರು ಹತ್ತಿದವು. ತಳದ ಕೆಳಗೆ ಚಾಚಿಕೊಂಡಿರುವುದು ಏನೂ ಇಲ್ಲ, ನಿಜ. ಆದರೆ ಪಂಪು ಮರಳು, ಜಲ್ಲಿ, ಪಾಚಿ ಎಲ್ಲವನ್ನೂ ಹೀರುತ್ತದೆ. ಇನ್ನೊಂದು: ಜೆಟ್ಟಿನಲ್ಲಿ ತಿರುಗಿಸುವುದು ಚಿಮ್ಮುವ ನೀರೇ. ಹೆದರಿ ಥ್ರಾಟಲ್ ಬಿಟ್ಟರೆ ದೋಣಿ ತಿರುಗುವುದೂ ನಿಲ್ಲುತ್ತದೆ, ನೆಟ್ಟಗೆ ಹೋಗಿ ಹೆದರಿದ್ದಕ್ಕೇ ಗುದ್ದುತ್ತದೆ.

ಅಳಿವೆ ಬಾಯಿಯಲ್ಲಿ ನೀರು ಕಮ್ಮಿ, ಅಲೆಯೂ ಇದೆ. ದಾಟಬಹುದಾ?

ಅಲೆಯ ಎತ್ತರ ನೀರಿನ ಆಳದ ಸುಮಾರು ಮುಕ್ಕಾಲು ಭಾಗ ಮುಟ್ಟಿದಾಗ ಅಲೆ ಮುರಿಯುತ್ತದೆ. ಒಂದು ಮೀಟರ್ ನೀರಿರುವ ಮರಳ ದಿಬ್ಬದ ಮೇಲೆ 75–80 ಸೆಂ.ಮೀ. ಅಲೆ ಸಾಕು. ಎರಡು ಅಲೆಗಳ ನಡುವಿನ ತಗ್ಗಿನಲ್ಲಿ ಇಂಜಿನ್ ತಳಕ್ಕೆ ಬಡಿಯುತ್ತದೆ, ಅದೇ ಹೊತ್ತಿಗೆ ಮುಂದಿನ ಅಲೆ ಮುರಿದು ಬೀಳುತ್ತದೆ. ನೀರು ಇಳಿಯುತ್ತಾ ಹೊರಗೆ ನುಗ್ಗುವಾಗ ಎದುರಿನ ಅಲೆ ಇನ್ನೂ ಕಡಿದಾಗುತ್ತದೆ. ಬಿಳಿ ನೊರೆಯ ಸಾಲು ಅಡ್ಡಡ್ಡ ಕಾಣುತ್ತಿದ್ದರೆ ನಾನು ದಾಟುವುದಿಲ್ಲ. ಒಳಗೇ ಲಂಗರು ಹಾಕಿ, ಉಬ್ಬರ ತುಂಬಿ ನೀರು ಶಾಂತವಾಗುವವರೆಗೆ ಕೂರುತ್ತೇನೆ. ನಾಲ್ಕೈದು ಗಂಟೆಯಾದರೂ ಸರಿ.